ಕಾರವಾರದಲ್ಲಿ ರವೀಂದ್ರರು, ರೋಮಿನಲ್ಲಿ ವೆಡ್ಡರ್

ತನ್ನ ಊರಿನ ಚೆಲುವು ಊರವನ ಕಣ್ಣಿಗೆ ಬೀಳುವದು ಅಪರೂಪ. ನಸುಕಿನಲ್ಲಿ ದೋಣಿ ನೂಕುವವನು ಕಡಲನ್ನು ನೋಡುವದು ಗಾಳಿಯ ದಿಕ್ಕನ್ನು ತಿಳಿಯಲಿಕ್ಕೆ. ಗಜನಿಯ ಗದ್ದೆಯಲ್ಲಿ ದುಡಿಯುವವನು ಉಬ್ಬರವಿಳಿತಗಳನ್ನು ಎಣಿಸುವದು ಕಟ್ಟೆಯ ಚಿಂತೆಯಿಂದ. ಪರಸ್ಥಳದಿಂದ ಬಂದವನಿಗೆ ಈ ಚಿಂತೆಗಳಿಲ್ಲ. ಅವನು ಬರಿದೆ ನೋಡಬಲ್ಲನು. ಈ ನೋಟದ ಹಂಬಲದಿಂದಲೇ ಊರು ಬಿಟ್ಟು ಹೋಗಿ ಪರನಾಡಿನಲ್ಲಿ ನೆಲಸಿದ ಕಲಾವಿದರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕೆಯ ಅನೇಕ ಚಿತ್ರಕಾರರು ಕಡಲು ದಾಟಿ ಇಟಲಿಗೆ ಹೋಗಿ ಫ್ಲಾರೆನ್ಸ್, ರೋಮ್, ವೆನಿಸ್ ನಗರಗಳಲ್ಲಿ ಬಿಡಾರ ಮಾಡಿದರು. ಅವರಲ್ಲೊಬ್ಬರು ರೋಮಿನಲ್ಲಿ ಕುಳಿತು ತಮ್ಮ ಅತ್ಯಂತ ಪ್ರಸಿದ್ಧ ಚಿತ್ರಗಳನ್ನು ಬರೆದ ಕಾಲದಲ್ಲಿಯೇ, ಬಂಗಾಲದ ಒಬ್ಬ ತರುಣ ಕವಿಯು ಕಾರವಾರದ ಕಡಲ ದಂಡೆಯಲ್ಲಿ ತನ್ನ ಬಾಳಿನ ಮುಖ್ಯ ವಿಚಾರವನ್ನು ಕಂಡುಕೊಂಡನು. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರ ಚರಿತ್ರೆಯನ್ನು ಕೂಡಿಸಿ ನೋಡಿದರೆ ಒಂದರ ಬೆಳಕು ಮತ್ತೊಂದರ ಮೇಲೆ ಬೀಳುತ್ತದೆ.

ಚಿತ್ರಕಾರರ ಹೆಸರು ಎಲಿಹೂ ವೆಡ್ಡರ್. 1836ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು, ತಮ್ಮ ದೇಶದ ಅಂತರ್ಯುದ್ಧವು ಮುಗಿದ ಮೇಲೆ ರೋಮಿನಲ್ಲಿ ನೆಲಸಿ, 1923ರಲ್ಲಿ ಅಲ್ಲಿಯೇ ತೀರಿಕೊಂಡರು. ಉಂಬ್ರಿಯ ಪ್ರಾಂತದ ಗುಡ್ಡಗಳನ್ನೂ ಹಳೆಯ ಗೋಡೆಗಳನ್ನೂ ಪ್ರೀತಿಯಿಂದ ಚಿತ್ರಿಸಿದರು. ಆದರೆ ಅವರಿಗೆ ಕೀರ್ತಿ ತಂದದ್ದು ಪಾರಸಿ ಕವಿ ಉಮರ ಖಯ್ಯಾಮನ ರುಬಾಯಿಗಳಿಗಾಗಿ ಬರೆದ ಚಿತ್ರಮಾಲೆ. ಫಿಟ್ಜೆರಾಲ್ಡನ ಇಂಗ್ಲಿಷ್ ಅನುವಾದದೊಂದಿಗೆ ಐವತ್ತಕ್ಕೂ ಹೆಚ್ಚು ಚಿತ್ರಗಳುಳ್ಳ ಆ ಗ್ರಂಥವು 1884ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಮರಳಿ ಮರಳಿ ಕಾಣುವದು ಒಂದು ಸುಳಿಯ ಆಕೃತಿ. ಸೃಷ್ಟಿಯ ಅಂಶಗಳು ದಿಕ್ಕುದಿಕ್ಕಿನಿಂದ ಹರಿದು ಬಂದು ಕೂಡುತ್ತವೆ. ಕ್ಷಣಕಾಲ ನಿಂತು ಜೀವವೆನಿಸುತ್ತವೆ. ಮತ್ತೆ ಬಯಲಿನಲ್ಲಿ ಹರಡಿ ಹೋಗುತ್ತವೆ. ಸುಳಿಗೆ ವೆಡ್ಡರರೇ ಹೇಳಿದ ಅರ್ಥವಿದು. ಇದಕ್ಕೆ ಮುಂಚೆ ಅವರು ಎಳೆಯ ವಯಸ್ಸಿನ ಇಬ್ಬರು ಗಂಡುಮಕ್ಕಳನ್ನು ಕಳಕೊಂಡಿದ್ದರು. ಕ್ಷಣವೇ ನಿಂತು ಚದರುವ ಆ ಸುಳಿಯನ್ನು ನೋಡುವವರು ಈ ಸಂಗತಿಯನ್ನು ಮರೆಯಲಾರರು.

ಇನ್ನು ಕಾರವಾರದ ಕಡೆಗೆ ಬರಬಹುದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ ತರುವಾಯ ಕಾರವಾರವು ಅದರ ಮುಖ್ಯ ಠಾಣ್ಯವಾಗಿ ಬೆಳೆಯುತ್ತಿತ್ತು. ಸಿವಿಲ್ ಸರ್ವಿಸಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಭಾರತೀಯರಲ್ಲಿ ಮೊದಲಿಗರಾದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಕೆಲವು ತಿಂಗಳು ಉಳಿದರು. ಆಗ ಅವರ ವಯಸ್ಸು 22. ನುಡಿ ಬೇರೆ, ನಡೆ ಬೇರೆ. ಕಲಕತ್ತೆಯ ಓಣಿಗಳಲ್ಲಿ ಬೆಳೆದ ಕಣ್ಣಿಗೆ ಇಲ್ಲಿಯ ನೆಲಜಲಗಳೂ ಹೊಸವು. 1912ರಲ್ಲಿ ಹೊರಬಂದ ತಮ್ಮ ಜೀವನಸ್ಮೃತಿಯಲ್ಲಿ ಅವರು ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಗುಡ್ಡಗಳಿಂದ ಬಳಸಿದ ಏಕಾಂತದ ಬಂದರು, ಅರ್ಧಚಂದ್ರಾಕಾರದ ಮಳಲ ದಂಡೆ, ಅದರ ಅಂಚಿನ ಗಾಳಿಮರಗಳ ತೋಪು, ಅದನ್ನು ಬಂದು ಸೇರುವ ಕಾಳೀ ನದಿ, ಎಲ್ಲವೂ ಅಲ್ಲಿ ಚಿತ್ರದಂತೆ ನಿಂತಿವೆ.

ಆ ಅಧ್ಯಾಯದಲ್ಲಿ ಒಂದು ಬೆಳುದಿಂಗಳ ರಾತ್ರಿಯ ವೃತ್ತಾಂತವಿದೆ. ಕವಿಯೂ ಸಂಗಡಿಗರೂ ಚಿಕ್ಕ ದೋಣಿಯಲ್ಲಿ ನದಿಯನ್ನೇರಿ ಹೋಗಿ, ಒಂದು ಗಿರಿದುರ್ಗದ ಬುಡದಲ್ಲಿ ಇಳಿದರು. ಅದು ಶಿವಾಜಿಯ ಕೋಟೆಯೆಂದು ರವೀಂದ್ರರು ಬರೆದಿದ್ದಾರೆ. ಕಾಳಿಯ ದಂಡೆಯ ಕೋಟೆಯೆಂದರೆ ಈ ಸೀಮೆಯವರ ನೆನಪಿಗೆ ಬರುವದು ಸದಾಶಿವಗಡ. ಅದನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದವನು ಸೋದೆಯ ಅರಸು ಬಸವಲಿಂಗ. ಶಿವಾಜಿಯು 1680ರಲ್ಲಿಯೇ ತೀರಿಕೊಂಡಿದ್ದನು. ಅದೇನೇ ಇರಲಿ, ಆ ರಾತ್ರಿಯ ಮುಖ್ಯ ವಿಷಯ ಕೋಟೆಯಲ್ಲ. ದಂಡೆಯನ್ನೇರಿದವರು ಒಬ್ಬ ರೈತನ ಮನೆಯ ಅಚ್ಚುಕಟ್ಟಾಗಿ ಗುಡಿಸಿದ ಪುಟ್ಟ ಅಂಗಳಕ್ಕೆ ಬಂದು, ಬೆಳುದಿಂಗಳು ಬಿದ್ದಿದ್ದ ಕಡೆಗೆ ಕುಳಿತು, ತಾವು ತಂದಿದ್ದ ಬುತ್ತಿಯನ್ನುಂಡರು. ಮರಳುವಾಗ ದೋಣಿಯನ್ನು ಇಳಿತಕ್ಕೆ ಬಿಟ್ಟುಕೊಟ್ಟು, ನದಿಯ ಬಾಯಿಗೆ ಬಂದಿಳಿದು, ಮಳಲಿನ ಮೇಲೆ ನಡೆದು ಮನೆ ಸೇರಿದರು. ಆ ರಾತ್ರಿಯು ಒಂದು ಕವಿತೆಯಾಯಿತು.

ಕಾರವಾರದಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದರ ನಾಯಕನೊಬ್ಬ ಸಂನ್ಯಾಸಿ. ಮಮತೆಯ ಕಟ್ಟುಗಳನ್ನೆಲ್ಲ ಹರಿದು ಅನಂತವನ್ನು ಪಡೆಯಬೇಕೆಂಬುದು ಅವನ ಹಟ. ಗತಿಯಿಲ್ಲದ ಒಬ್ಬ ಎಳೆಯ ಹುಡುಗಿಯು ಅವನನ್ನು ಮರಳಿ ಲೋಕಕ್ಕೆ ಎಳೆಯುತ್ತಾಳೆ. ಆಗ ಅವನಿಗೆ, ದೊಡ್ಡದು ಚಿಕ್ಕದರಲ್ಲಿಯೇ, ಅನಂತವು ಎಲ್ಲೆಯುಳ್ಳ ರೂಪದಲ್ಲಿಯೇ ಸಿಕ್ಕುವದೆಂದು ತಿಳಿಯುತ್ತದೆ. ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಈ ನಾಟಕವೇ ಪೀಠಿಕೆಯೆಂದು ರವೀಂದ್ರರು ಮುಂದೆ ಹೇಳಿಕೊಂಡರು. ಈ ತತ್ತ್ವವು ಉಪನಿಷತ್ತಿನ ಮನೆತನದಲ್ಲಿ ಬೆಳೆದವರಿಗೆ ಮಾತಾಗಿ ಹೊಸದಲ್ಲ. ಆದರೆ ಕಾರವಾರದಲ್ಲಿ ಅದು ಕಣ್ಣಿಗೆ ಕಾಣುವಂತಿತ್ತು: ಮೇರೆಯಿಲ್ಲದ ಕಡಲು ಗುಡ್ಡಗಳ ತೋಳಿನೊಳಗೆ ಬಂದು ನಿಂತಿತ್ತು, ಆಕಾಶದ ಬೆಳುದಿಂಗಳು ಒಬ್ಬ ಬಡವನ ಅಂಗಳದಲ್ಲಿ ಹಿಡಿಸಿತ್ತು.

ಕಾರವಾರದಿಂದ ಮರಳಿದ ಕೆಲದಿನಗಳಲ್ಲಿ, 1883ರ ಡಿಸೆಂಬರ 9ರಂದು ಅವರ ವಿವಾಹವಾಯಿತು. 1884ರ ಎಪ್ರಿಲ್ ತಿಂಗಳಲ್ಲಿ, ಬಾಲ್ಯದಿಂದ ಅವರ ಗೆಳತಿಯೂ ಕವಿತೆಗಳ ಮೊದಲ ವಿಮರ್ಶಕಿಯೂ ಆಗಿದ್ದ ಅತ್ತಿಗೆ ಕಾದಂಬರೀದೇವಿಯವರು ತೀರಿಕೊಂಡರು. ಪ್ರೀತಿಸಿದ ರೂಪವೇ ಅಳಿದ ಮೇಲೆ ಎಲ್ಲೆಯಲ್ಲಿ ಅನಂತವನ್ನು ಕಾಣುವದು ಹೇಗೆ? ಕಾರವಾರದ ನಂಬಿಕೆಯು ಒಂದು ವರ್ಷದೊಳಗೆ ಒರೆಗಲ್ಲಿಗೆ ಬಂದಿತು. ಇಲ್ಲಿ ಇಬ್ಬರ ದಾರಿಗಳು ಅಗಲುತ್ತವೆ. ವೆಡ್ಡರರ ಸುಳಿಯಲ್ಲಿ ರೂಪವು ಚದರುವದಕ್ಕಾಗಿಯೇ ಕೂಡುತ್ತದೆ. ಅಲ್ಲಿ ದುಃಖಕ್ಕೆ ಶಾಂತಿಯುಂಟು, ಉತ್ತರವಿಲ್ಲ. ರವೀಂದ್ರರು ದುಃಖವನ್ನು ಅಲ್ಲಗಳೆಯದೆ, ರೂಪವು ಅಳಿದರೂ ಅದರಲ್ಲಿ ಕಂಡದ್ದು ಸುಳ್ಳಲ್ಲವೆಂದು ಕೊನೆಯ ತನಕ ಹಾಡಿದರು.

ವಿಶೇಷವೆಂದರೆ, ಆ ಕವಿಯೂ ಕೊನೆಗೆ ಚಿತ್ರಕಾರರಾದರು. 1924ರಲ್ಲಿ ಅರ್ಜೆಂಟೀನಾ ದೇಶದಲ್ಲಿ ಅತಿಥಿಯಾಗಿದ್ದಾಗ, ‘ಪೂರಬೀ’ಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನು ಗೆರೆಯಿಂದ ಗೆರೆಗೆ ಕೂಡಿಸಿ ವಿಚಿತ್ರವಾದ ಆಕೃತಿಗಳನ್ನು ಮಾಡುತ್ತಿದ್ದರು. ಮುಂದೆ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದರು. ಅವರ ಚಿತ್ರಗಳ ಮೊದಲ ಪ್ರದರ್ಶನವು 1930ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ನಡೆಯಿತು. ಅದರ ಹಿಂದಿನ ತಿಂಗಳೇ ಅಂಕೋಲೆಯ ಜನರು ಕಾಯದೆಯನ್ನು ಮುರಿದು ಉಪ್ಪು ಮಾಡಿದ್ದರು. ಪರಸ್ಥಳದವರಿಗೆ ನೋಟವಾಗಿದ್ದ ಅದೇ ಕಡಲು, ಇಲ್ಲಿಯವರಿಗೆ ಸೆರೆಮನೆಗೂ ಹೋಗಲು ತಕ್ಕಷ್ಟು ಬೆಲೆಯುಳ್ಳ ಒಂದು ಹಿಡಿ ಉಪ್ಪಾಗಿತ್ತು. ಇದೂ ಅನಂತವನ್ನು ಅಂಗೈಯಲ್ಲಿ ಹಿಡಿದ ಒಂದು ಬಗೆಯೇ ಸರಿ.

ಇಂದು ಕಾರವಾರದ ಕಡಲತೀರಕ್ಕೆ ರವೀಂದ್ರರ ಹೆಸರಿದೆ; ಇದು ಉಚಿತವೇ. ಆದರೆ ಆ ಅಂಗಳವನ್ನು ಗುಡಿಸಿಟ್ಟಿದ್ದ ಕೈ ಯಾರದು? ಅದರ ಹೆಸರು ಗ್ರಂಥದಲ್ಲಿಲ್ಲ. ನೋಡುವ ಕಣ್ಣು ಅತಿಥಿಯದಾದರೂ, ನೋಡತಕ್ಕ ರೂಪವನ್ನು ಸಿದ್ಧಮಾಡಿಟ್ಟವರು ಊರಿನವರು. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದು, 2005ರಲ್ಲಿ ಅದು ಕಾರ್ಯಕ್ಕೆ ತೊಡಗುವದರೊಳಗೆ, ಕಾರವಾರ ಅಂಕೋಲೆಗಳ ನಡುವಿನ ಕಡಲಂಚಿನ ಸಾವಿರಾರು ಕುಟುಂಬಗಳು ತಮ್ಮ ಅಂಗಳಗಳನ್ನು ಬಿಟ್ಟೆದ್ದವು. ದೇಶದ ರಕ್ಷಣೆಗೆ ಅದು ಬೇಕಾಗಿದ್ದಿತು. ಆದರೆ ಅವರಿಗೆ ಆ ದಂಡೆಯು ಈಗ ಬೇಲಿಯಾಚೆಯ ನೋಟ. ಸ್ವಂತ ನಾಡಿನಲ್ಲಿಯೇ ಅವರು ಪರಸ್ಥಳದವರಾದರು. ಹೊರಗಿನಿಂದ ಬಂದವರು ಕಂಡದ್ದನ್ನು ಬರೆದಿಟ್ಟು ಹೋದರು. ಎದ್ದುಹೋದ ಮನೆಗಳ, ಅಂಗಳಗಳ, ಗಜನಿಗಳ ಹೆಸರುಗಳು ಇನ್ನೂ ಹಿರಿಯರ ಬಾಯಲ್ಲಿವೆ. ಅವನ್ನು ಕೇಳಿ ಬರೆದಿಡುವದು ಜಿಲ್ಲೆಯ ವಿದ್ಯಾವಂತರ ಪಾಲಿಗೆ ಉಳಿದಿರುವ ಕೆಲಸ.