ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ

ಗಿಡದ ಬುಡದಲ್ಲಿ ಗಡ್ಡೆಯಂಥ ಗಂಟು ಬರುವ ರೋಗವೊಂದಿದೆ, ಕ್ರೌನ್ ಗಾಲ್ ಅಂತ. ಅದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು 1907ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಮತ್ತು ಟೌನ್ಸೆಂಡ್ ತೋರಿಸಿದರು. ಆಮೇಲೆ ಹೆಸರಿಡುವ ಗಲಾಟೆ. ಗಂಟು ಬರಿಸಿದರೆ ಅಗ್ರೋಬ್ಯಾಕ್ಟೀರಿಯಮ್ ಟ್ಯುಮಿಫೇಸಿಯೆನ್ಸ್, ಬೇರಿನ ಹತ್ತಿರ ತನ್ನ ಪಾಡಿಗೆ ಇದ್ದರೆ ರೇಡಿಯೋಬ್ಯಾಕ್ಟರ್. ನಡತೆ ನೋಡಿ ಕುಲ ಹೇಳಿದ ಹಾಗೆ!

1969ರಲ್ಲಿ ಆಸ್ಟ್ರೇಲಿಯಾದ ಅಲನ್ ಕೆರ್ ಕೆಟ್ಟದ್ದನ್ನೂ ಸಾಧುವನ್ನೂ ಒಂದೇ ಗಿಡದಲ್ಲಿ ಬಿಟ್ಟು ನೋಡಿದರು. ಸಾಧುವೂ ಗಂಟು ಬರಿಸಲು ಕಲಿತುಬಿಟ್ಟಿತ್ತು! 1971ರಲ್ಲಿ ಇದರ ಉಲ್ಟಾ: ಸಿ58 ಎಂಬ ರೋಗಕಾರಿ ತಳಿಯನ್ನು 36 ಡಿಗ್ರಿ ಶಾಖದಲ್ಲಿ ಬೆಳೆಸಿದರೆ ಅದು ಸಾಧುವಾಗುತ್ತಿತ್ತು. ಗುಟ್ಟು ಗೊತ್ತಾದದ್ದು 1974ರಲ್ಲಿ, ಬೆಲ್ಜಿಯಂನ ಗೆಂಟ್‌ನಲ್ಲಿ. ಕ್ರೋಮೋಸೋಮಿನಿಂದ ಬೇರೆಯಾಗಿರುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ದೊಡ್ಡದೊಂದು ಡಿಎನ್‌ಎ ಉಂಗುರ, ಟಿಐ ಪ್ಲಾಸ್ಮಿಡ್. ನಮ್ಮ ಸಾಫ್ಟ್‌ವೇರ್ ಮಂದಿಯ ಮಾತಲ್ಲಿ, ಪ್ಲಗ್-ಇನ್.

2001ರ ಡಿಸೆಂಬರಿನಲ್ಲಿ ಎರಡು ತಂಡಗಳು ಒಟ್ಟಿಗೇ ಸಿ58ರ ಪೂರ್ತಿ ಜೀನೋಮ್ ಪ್ರಕಟಿಸಿದವು. ಸುಮಾರು 57 ಲಕ್ಷ ಅಕ್ಷರ. ಅದರಲ್ಲಿ ಟಿಐ ಪ್ಲಾಸ್ಮಿಡ್ ಬರೀ 2 ಲಕ್ಷ ಚಿಲ್ಲರೆ. ಕುದುರೆಮಸಾಲೆ ಸೊಪ್ಪಿನ ಬೇರಲ್ಲಿ ಸಾರಜನಕ ಹಿಡಿದುಕೊಡುವ ಉಪಕಾರಿ ಸೈನೋರೈಜೋಬಿಯಮ್ಮಿನ ಜೀನೋಮ್ ಅದೇ ವರ್ಷ ಬಂದಿತ್ತು. ಪಕ್ಕಪಕ್ಕ ಇಟ್ಟರೆ ಎರಡರ ಮುಖ್ಯ ಕ್ರೋಮೋಸೋಮಿನಲ್ಲಿ ಉದ್ದುದ್ದ ಭಾಗಗಳು ಒಂದೇ ಕ್ರಮದಲ್ಲಿದ್ದವು. ಒಂದು ಗಿಡಕ್ಕೆ ಊಟ ಕೊಡುತ್ತೆ, ಇನ್ನೊಂದು ಗಂಟು. ಆದರೆ ಇಬ್ಬರೂ ದಾಯಾದಿಗಳೇ.

ನನಗೆ ಹೆಚ್ಚು ಇಷ್ಟವಾದದ್ದು ಕೆ84ರ ಕತೆ. ಕೆರ್ ತಂಡ ಕಂಡುಹಿಡಿದ ಈ ಸಾಧು ತಳಿಯ ದ್ರಾವಣದಲ್ಲಿ ಸಸಿಯ ಬೇರು ಅದ್ದಿ ನೆಟ್ಟರೆ ರೋಗ ತಡೆಯಬಹುದು. ಅದು ಅಗ್ರೋಸಿನ್ ಎಂಬ ವಿಷ ತಯಾರಿಸುತ್ತದೆ. ರೋಗಕಾರಿ ತನ್ನ ಊಟ ಒಳಗೆ ತರಲು ಟಿಐ ಪ್ಲಾಸ್ಮಿಡ್ ಕಟ್ಟಿಕೊಟ್ಟ ಬಾಗಿಲಿದೆ ನೋಡಿ, ವಿಷ ನುಗ್ಗುವುದೂ ಅಲ್ಲಿಂದಲೇ! 2009ರಲ್ಲಿ ಕೆ84ರ ಜೀನೋಮ್ ಬಂದಾಗ ಸಿ58ರಲ್ಲಿದ್ದ ಉದ್ದನೆಯ, ಉಂಗುರವಲ್ಲದ ಕ್ರೋಮೋಸೋಮ್ ಇದರಲ್ಲಿ ಇರಲೇ ಇಲ್ಲ. ಹೆಸರಲ್ಲಿ ಅಣ್ಣತಮ್ಮ, ವಂಶದಲ್ಲಿ ದೂರ.

ಆದರೆ ಅಗ್ರೋಸಿನ್ ಜೀನುಗಳೂ ಪ್ಲಾಸ್ಮಿಡ್ಡಿನಲ್ಲೇ ಇವೆ. ಅದು ರೋಗಕಾರಿಗೆ ದಾಟಿದರೆ ವಿಷ ತಾಗದ ರೋಗಕಾರಿ ಹುಟ್ಟುತ್ತದೆ. ಅದಕ್ಕೇ 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ದಾಟಲು ಬೇಕಾದ ಭಾಗವನ್ನೇ ಕತ್ತರಿಸಿ ತೆಗೆದು ಕೆ1026 ಎಂಬ ತಳಿ ಮಾಡಿ ಮಾರಾಟಕ್ಕೆ ಬಿಟ್ಟರು.