ಪೌಲಾ ಮತ್ತು ಯೂಸ್ತೋಕಿಯಂ: ತಾಯಿ ಮಗಳ ಪವಿತ್ರ ನಾಡಿನ ಯಾತ್ರೆ

ಬೆತ್ಲೆಹೇಮಿನ ಸಂತ ಜೆರೋಮರೆಂದರೆ ಗುಹೆ, ತಲೆಬುರುಡೆ, ಕಾಲಬಳಿ ಮಲಗಿದ ಸಿಂಹ ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಚಿತ್ರಕಾರರು ಕೊಟ್ಟ ಈ ಏಕಾಂಗಿ ಜೆರೋಮರಿಗೂ ಇತಿಹಾಸದ ಜೆರೋಮರಿಗೂ ಬಹಳ ಅಂತರವಿದೆ. ಅವರು ಬೆತ್ಲೆಹೇಮಿನಲ್ಲಿ ನೆಲೆಸಿದ್ದು ರೋಮಿನ ಒಬ್ಬ ವಿಧವೆ ಹಾಗೂ ಆಕೆಯ ಮಗಳ ಜತೆಯಲ್ಲಿ. ಅಲ್ಲಿಯ ಮಠಗಳು ಎದ್ದದ್ದು ಆ ತಾಯಿಯ ಸಂಪತ್ತಿನಿಂದ. ಪೌಲರ ಪತ್ರಗಳ ಮೇಲಿನ ಜೆರೋಮರ ವ್ಯಾಖ್ಯಾನಗಳು ಅರ್ಪಿತವಾಗಿರುವುದೂ ಆ ಇಬ್ಬರಿಗೇ. ಕ್ರಿ.ಶ. 385ರಲ್ಲಿ ಪೌಲಾ ಮತ್ತು ಯೂಸ್ತೋಕಿಯಂ ಕೈಗೊಂಡ ಯಾತ್ರೆಯನ್ನು ಇಲ್ಲಿ ಪರಿಶೀಲಿಸೋಣ. ನಮಗಿರುವ ಮುಖ್ಯ ಆಧಾರವೆಂದರೆ, 404ರಲ್ಲಿ ಪೌಲಾ ನಿಧನರಾದಾಗ ಜೆರೋಮರು ಯೂಸ್ತೋಕಿಯಂಗೆ ಬರೆದ ದೀರ್ಘ ಪತ್ರ; ಅವರ ಪತ್ರಸಂಗ್ರಹದಲ್ಲಿ 108ನೆಯದು. ಎರಡು ರಾತ್ರಿ ಕುಳಿತು ಅದನ್ನು ಹೇಳಿ ಬರೆಯಿಸಿದ್ದಾಗಿ ಅವರೇ ತಿಳಿಸುತ್ತಾರೆ.

ಈ ಪತ್ರದ ಸ್ವರೂಪವೇ ವಿಲಕ್ಷಣವಾದುದು. ಯಾವ ಯಾತ್ರೆಯನ್ನು ಅದು ವರ್ಣಿಸುತ್ತದೋ ಆ ಯಾತ್ರೆಯನ್ನು ತಾಯಿಯ ಪಕ್ಕದಲ್ಲಿದ್ದು ಮಾಡಿದವರಿಗೇ ಅದು ಬರೆಯಲ್ಪಟ್ಟಿದೆ. ಆದರೂ ಪೌಲಾ ನಡೆದರು, ಪೌಲಾ ಕಂಡರು, ಪೌಲಾ ಅತ್ತರು ಎಂದೇ ಕಥನ ಸಾಗುತ್ತದೆ. ಮಗಳ ಕಣ್ಣು ಏನನ್ನು ಕಂಡಿತೆಂಬುದು ಪತ್ರದಲ್ಲಿ ಇಲ್ಲ. ಪೂರ್ವಕಾಲದ ಧರ್ಮಸಭೆಯ ಸ್ತ್ರೀಯರನ್ನು ಅರಿಯಹೊರಟವರು ಈ ಮೌನವನ್ನೂ ಒಂದು ದಾಖಲೆಯೆಂದೇ ಓದಬೇಕಾಗುತ್ತದೆ.

ಪೌಲಾ ಹುಟ್ಟಿದ್ದು 347ರಲ್ಲಿ, ರೋಮಿನ ಪ್ರತಿಷ್ಠಿತ ಮನೆತನದಲ್ಲಿ. ಪತಿ ಟೊಕ್ಸೋಸಿಯುಸ್ ತೀರಿಕೊಂಡಾಗ ನಾಲ್ವರು ಹೆಣ್ಣುಮಕ್ಕಳೂ ಒಬ್ಬ ಗಂಡುಮಗನೂ ಇದ್ದರು. ಅವೆಂಟೀನ್ ಬೆಟ್ಟದ ಮೇಲಿನ ಮಾರ್ಸೆಲ್ಲಾ ಎಂಬುವರ ಮನೆಯಲ್ಲಿ ಸೇರುತ್ತಿದ್ದ ಸ್ತ್ರೀಯರ ಜತೆ ಪ್ರಾರ್ಥನೆ, ಶ್ರೀಗ್ರಂಥದ ಅಧ್ಯಯನ ನಡೆಯುತ್ತಿತ್ತು. 384ರಲ್ಲಿ ಹಿರಿಯ ಮಗಳು ಬ್ಲೆಸಿಲ್ಲಾ ಸತ್ತಾಗ, ಕಠಿಣ ಉಪವಾಸವೇ ಆಕೆಯನ್ನು ಕೊಂದಿತೆಂದು ರೋಮಿನ ಜನ ಸನ್ಯಾಸಿಗಳನ್ನು ದೂಷಿಸಿದರು. ಅದೇ ವರ್ಷದ ಕೊನೆಗೆ ಪೋಪ್ ದಾಮಸುಸ್ ಗತಿಸಿದರು. ಆಶ್ರಯ ಕಳೆದುಕೊಂಡ ಜೆರೋಮರು ಮರುವರ್ಷ ಆಗಸ್ಟಿನಲ್ಲಿ ನಗರವನ್ನು ಬಿಟ್ಟರು. ಸ್ವಲ್ಪ ಕಾಲದ ನಂತರ ತಾಯಿ ಮಗಳೂ ಹೊರಟರು.

ಹಡಗು ಬಿಡುವ ದೃಶ್ಯ ಪತ್ರದ ಅತ್ಯಂತ ಪ್ರಸಿದ್ಧ ಭಾಗ. ಬಾಲಕ ಟೊಕ್ಸೋಸಿಯುಸ್ ದಡದಲ್ಲಿ ನಿಂತು ಕೈಚಾಚಿ ಬೇಡುತ್ತಾನೆ. ಮದುವೆಯ ವಯಸ್ಸಿನ ರುಫೀನಾ, ತನ್ನ ವಿವಾಹದವರೆಗಾದರೂ ಇರೆಂದು ಮಾತಿಲ್ಲದೆ ಕಣ್ಣೀರಿನಿಂದಲೇ ಕೇಳಿಕೊಳ್ಳುತ್ತಾಳೆ. ಪೌಲಾ ದೃಷ್ಟಿಯನ್ನು ಬೇರೆಡೆ ತಿರುಗಿಸಿಕೊಳ್ಳುತ್ತಾರೆ. ವ್ರತದಲ್ಲಿಯೂ ಪ್ರಯಾಣದಲ್ಲಿಯೂ ಸಂಗಾತಿಯಾದ ಯೂಸ್ತೋಕಿಯಂ ಒಬ್ಬಳೇ ಆಕೆಗೆ ಸಮಾಧಾನ. ಜೆರೋಮರಿಗೆ ಇದು ದೈವಪ್ರೀತಿ ತಾಯ್ತನವನ್ನು ಗೆದ್ದ ವಿಜಯ. ಶಿಷ್ಯರು ಮಕ್ಕಳನ್ನೂ ತೊರೆಯುವ ಬಗ್ಗೆ ಪ್ರಭು ಆಡಿದ ಮಾತು ಅವರ ಬೆನ್ನಿಗಿದೆ, ನಿಜ. ಆದರೆ ಈ ಪ್ರಸಂಗವನ್ನು ತಪೋಧ್ಯಾನದ ಬೋಧನೆಗಳಲ್ಲಿ ನಿರಾತಂಕವಾಗಿ ಉದಾಹರಿಸುವ ಪರಿಪಾಠವನ್ನು ನಾವು ಒಪ್ಪಲಾರೆವು. ರುಫೀನಾ ಅಕಾಲದಲ್ಲಿ ಮರಣ ಹೊಂದಿದಳೆಂದೂ ಆ ಸುದ್ದಿ ತಾಯಿಯನ್ನು ಕುಗ್ಗಿಸಿತೆಂದೂ ಅದೇ ಪತ್ರ ಹೇಳುತ್ತದೆ. ಗೆದ್ದೆನೆಂದುಕೊಂಡ ತಾಯ್ತನ ಎಲ್ಲಿಗೂ ಹೋಗಿರಲಿಲ್ಲ.

ಹಡಗು ಮೊದಲು ಪೊಂತಿಯಾ ದ್ವೀಪವನ್ನು ಮುಟ್ಟಿತು. ಫ್ಲಾವಿಯಾ ದೊಮಿತಿಲ್ಲಾ ಗಡೀಪಾರಾಗಿ ಇದ್ದ ಕೋಣೆಗಳನ್ನು ಅಲ್ಲಿ ಕಂಡರು. ಮೆಥೋನೆ, ರೋಡ್ಸ್ ಮಾರ್ಗವಾಗಿ ಸೈಪ್ರಸ್ ತಲುಪಿದಾಗ ಧರ್ಮಾಧ್ಯಕ್ಷ ಎಪಿಫಾನಿಯುಸ್ ಹತ್ತು ದಿನ ಉಳಿಸಿಕೊಂಡರು. ಅಂತಿಯೋಕ್ಯದಿಂದ ಜೆರೋಮರೂ ಜತೆಗಿದ್ದರು. ನಡುಚಳಿಗಾಲದಲ್ಲಿ, ಒಂದು ಕಾಲಕ್ಕೆ ಸೇವಕರ ಹೆಗಲ ಮೇಲಿನ ಪಲ್ಲಕ್ಕಿಯಲ್ಲಿ ಸಾಗುತ್ತಿದ್ದ ಆ ಕುಲೀನ ಸ್ತ್ರೀ ಕತ್ತೆಯ ಮೇಲೆ ಕುಳಿತು ದಕ್ಷಿಣಕ್ಕೆ ಹೊರಟರು. ಬೆರೂತ್, ಸಿದೋನ್, ಎಲೀಯನಿಗೆ ವಿಧವೆ ಅನ್ನವಿಟ್ಟ ಸಾರೆಪ್ತ, ತೂರ್, ಪ್ತೊಲೆಮಾಯ್ ಒಂದೊಂದಾಗಿ ಹಿಂದೆ ಸರಿದವು. ಶ್ರೀಗ್ರಂಥದಲ್ಲಿ ಬರುವ ಊರುಗಳನ್ನಷ್ಟೇ ಹೆಸರಿಸುವೆನೆಂದು ಜೆರೋಮರು ಮೊದಲೇ ಹೇಳಿಕೊಂಡಿದ್ದಾರೆ. ಹೀಗಾಗಿ ಆ ನಗರಗಳ ಸಂತೆ, ಸ್ನಾನಗೃಹ, ರಂಗಮಂದಿರಗಳ ಸುಳಿವೂ ನಮಗೆ ಸಿಗುವುದಿಲ್ಲ.

ಸೆಜರೇಯದಲ್ಲಿ ಅವರು ದೇವಾಲಯವಾಗಿ ಮಾರ್ಪಟ್ಟಿದ್ದ ಕೊರ್ನೇಲಿಯ ಮನೆಯನ್ನು ಕಂಡರು. ಫಿಲಿಪ್ಪನ ಮನೆಯನ್ನೂ, ಪ್ರವಾದನೆ ನುಡಿಯುತ್ತಿದ್ದ ಆತನ ನಾಲ್ವರು ಕನ್ಯಾಪುತ್ರಿಯರ ಕೋಣೆಗಳನ್ನೂ ಕಂಡರು. ಕನ್ಯಾವ್ರತ ತೊಟ್ಟು, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಯೂಸ್ತೋಕಿಯಂ ಆ ಹೊಸ್ತಿಲಲ್ಲಿ ನಿಂತದ್ದನ್ನು ಜೆರೋಮರು ಬರೆದಿಲ್ಲ. ಬರೆಯಬಹುದಿತ್ತು.

ಜೆರುಸಲೇಮಿನಲ್ಲಿ ಪೌಲಾರ ಮನೆತನವನ್ನು ಬಲ್ಲ ಪ್ರಾಂತಾಧಿಕಾರಿ ತನ್ನ ಸಿಬ್ಬಂದಿಯನ್ನು ಮುಂದಾಗಿ ಕಳುಹಿಸಿ ಅಧಿಕಾರಭವನವನ್ನೇ ಸಿದ್ಧಪಡಿಸಿದ್ದನು. ಪೌಲಾ ಒಂದು ಸಣ್ಣ ಕೋಣೆಯನ್ನು ಆರಿಸಿಕೊಂಡರು. ಶಿಲುಬೆಯ ಮುಂದೆ, ಪ್ರಭು ಇನ್ನೂ ಅದರ ಮೇಲೆ ತೂಗುತ್ತಿರುವಂತೆ ಕಂಡು ಸಾಷ್ಟಾಂಗವೆರಗಿದರು. ಪುನರುತ್ಥಾನದ ಸಮಾಧಿಯಲ್ಲಿ ದೂತನು ಉರುಳಿಸಿದ ಕಲ್ಲಿಗೆ ಮುತ್ತಿಟ್ಟರು. ಬೆತ್ಲೆಹೇಮಿನ ಗುಹೆಯಲ್ಲಿ ವಿಶ್ವಾಸದ ಕಣ್ಣಿನಿಂದ ಶಿಶುವನ್ನೂ ತಾಯಿಯನ್ನೂ ಕಂಡೆನೆಂದು ಹೇಳಿದರಂತೆ. ಇದು ಕೇವಲ ಭಾವಾವೇಶವಲ್ಲ. ವರ್ಷಗಟ್ಟಲೆ ಶ್ರೀಗ್ರಂಥವನ್ನು ಓದಿ ಬಂದ ಮನಸ್ಸಿಗೆ ಸ್ಥಳವೇ ವಾಕ್ಯವಾಗಿ ತೆರೆದುಕೊಂಡಿತು.

ಸ್ಥಳಕ್ಕೆ ಇಷ್ಟು ಮಹತ್ವ ಸಲ್ಲುತ್ತದೆಯೇ? ಈ ಪ್ರಶ್ನೆ ಆ ಕಾಲದಲ್ಲಿಯೇ ಎದ್ದಿತ್ತು. ತಾಯಿ ಮಗಳ ಹೆಸರಿನಲ್ಲಿ ಮಾರ್ಸೆಲ್ಲಾಗೆ ಹೋದ 46ನೆಯ ಪತ್ರ, ನೀವೂ ಬನ್ನಿ ಎಂದು ಪವಿತ್ರ ಸ್ಥಳಗಳ ಮಹಿಮೆಯನ್ನು ಹೊಗಳುತ್ತದೆ. ಅದರ ಬರವಣಿಗೆ ಜೆರೋಮರದೇ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಅದೇ ಜೆರೋಮರು ಕೆಲವು ವರ್ಷಗಳ ನಂತರ ನೋಲಾದ ಪೌಲಿನುಸ್‌ಗೆ ಬರೆದ 58ನೆಯ ಪತ್ರದಲ್ಲಿ, ಸ್ವರ್ಗದ ಬಾಗಿಲು ಜೆರುಸಲೇಮಿನಿಂದಲೂ ಬ್ರಿಟನ್ನಿನಿಂದಲೂ ಸಮಾನವಾಗಿ ತೆರೆದಿದೆ ಎಂಬ ಅಭಿಪ್ರಾಯಕ್ಕೆ ಬರುತ್ತಾರೆ. ನಿಸ್ಸದ ಗ್ರೆಗೋರಿ ಅವರಂತೂ ಸನ್ಯಾಸಿಗಳಿಗೆ ಜೆರುಸಲೇಮ್ ಯಾತ್ರೆ ಅನಗತ್ಯವೆಂದೇ ವಾದಿಸಿದರು. ದಾರಿಯಲ್ಲಿ ಸ್ತ್ರೀಯರ ಶೀಲಕ್ಕೆ ಅಪಾಯವೆಂಬುದೂ ಅವರ ಕಾರಣಗಳಲ್ಲೊಂದು. ನಮ್ಮ ಧರ್ಮಕ್ಷೇತ್ರಗಳಿಂದಲೂ ಇಂದು ಪವಿತ್ರ ನಾಡಿಗೆ ಯಾತ್ರಾರ್ಥಿಗಳು ಹೋಗಿ ಬರುತ್ತಿದ್ದಾರೆ. ಅವರನ್ನು ಸಿದ್ಧಪಡಿಸುವ ಯಾಜಕರು 46ನ್ನೂ 58ನ್ನೂ ಒಟ್ಟಿಗೆ ಓದುವುದು ಒಳಿತು.

ಯಾತ್ರೆ ಅಲ್ಲಿಗೆ ನಿಲ್ಲಲಿಲ್ಲ. ಹೆಬ್ರೋನ್, ಜೆರಿಕೋ, ಸಮಾರಿಯ, ನಜರೇತುಗಳನ್ನು ಕಂಡು, ಈಜಿಪ್ಟಿಗಿಳಿದು ನಿತ್ರಿಯಾದ ಮರುಭೂಮಿ ಸನ್ಯಾಸಿಗಳನ್ನು ದರ್ಶಿಸಿ ಬೆತ್ಲೆಹೇಮಿಗೆ ಮರಳಿದರು. ಕಿರಿದಾದ ವಸತಿಯಲ್ಲಿ ಮೂರು ವರ್ಷ ಕಳೆದು ಮಠಗಳನ್ನೂ ದಾರಿಬದಿಯಲ್ಲಿ ಯಾತ್ರಿಕರ ತಂಗುಮನೆಯನ್ನೂ ಕಟ್ಟಿಸಿದರು. ಕೀರ್ತನೆಗಳನ್ನು ಮೂಲದಲ್ಲಿ ಹಾಡಬೇಕೆಂದು ಪೌಲಾ ಹೀಬ್ರೂ ಕಲಿತರು. ಅವರ ಉಚ್ಚಾರಣೆಯಲ್ಲಿ ಲತೀನಿನ ಛಾಯೆ ಇರಲಿಲ್ಲವೆಂದು ಜೆರೋಮರು ಮೆಚ್ಚಿ, ಯೂಸ್ತೋಕಿಯಂಗೂ ಅದೇ ಸಾಮರ್ಥ್ಯವಿದೆಯೆಂದು ಸೇರಿಸುತ್ತಾರೆ. ಕೊನೆಯ ಕಾಯಿಲೆಯಲ್ಲಿ ತಾಯಿಯ ತಲೆಯನ್ನು ಹಿಡಿದು, ಹಾಸಿಗೆ ಸರಿಪಡಿಸಿ, ಬೀಸಣಿಗೆ ಬೀಸಿ, ನಡುನಡುವೆ ಪ್ರಭುವಿನ ಗುಹೆಗೆ ಓಡಿ ಪ್ರಾರ್ಥಿಸಿದವಳು ಮಗಳೇ. ಇಲ್ಲಿ ಮಾತ್ರ ಜೆರೋಮರ ಲೇಖನಿ ಯೂಸ್ತೋಕಿಯಂ ಮೇಲೆ ನೆಲೆನಿಲ್ಲುತ್ತದೆ.

404ರ ಜನವರಿ 26ರಂದು ಪೌಲಾ ನಿಧನರಾದರು. ಧರ್ಮಾಧ್ಯಕ್ಷರು ಹೆಗಲು ಕೊಟ್ಟರು. ಗ್ರೀಕ್, ಲತೀನ್, ಸಿರಿಯಾಕ್ ಭಾಷೆಗಳಲ್ಲಿ ಕೀರ್ತನೆಗಳು ಮೊಳಗಿದವು. ಮಗಳಿಗೆ ಉಳಿದದ್ದು ಒಂದು ನಾಣ್ಯವೂ ಅಲ್ಲ, ದೊಡ್ಡ ಸಾಲ ಮತ್ತು ಸಾಕಬೇಕಾದ ಸನ್ಯಾಸಿ ಸಮುದಾಯ. ಯೂಸ್ತೋಕಿಯಂ ಸುಮಾರು ಹದಿನೈದು ವರ್ಷ ಆ ಭಾರ ಹೊತ್ತರು. ಯೆಶಾಯ ಮತ್ತು ಯೆಜೆಕಿಯೇಲರ ಮೇಲಿನ ಜೆರೋಮರ ವ್ಯಾಖ್ಯಾನಗಳು ಅರ್ಪಿತವಾದದ್ದು ಅವರಿಗೆ. 419ರ ಸುಮಾರಿಗೆ ಅವರು ತೀರಿಕೊಂಡಾಗ ಮಠದ ಹೊಣೆ ಕಿರಿಯ ಪೌಲಾಳ ಕೈಗೆ ಬಂದಿತು. ಆಕೆ, ದಡದಲ್ಲಿ ಉಳಿದುಹೋಗಿದ್ದ ಟೊಕ್ಸೋಸಿಯುಸನ ಮಗಳು.