ಕಲಬೆರಕೆ

ಕಲಬೆರಕೆ

ಹಾಲಿಗೆ ನೀರನ್ನೂ ಮೆಣಸಿನ ಪುಡಿಗೆ ಇಟ್ಟಿಗೆಯ ಹುಡಿಯನ್ನೂ ಕೂಡಿಸಿ ಮಾರುವ ವಂಚಕನ ಕೃತ್ಯಕ್ಕೆ ಇಂದು ರೂಢವಾಗಿರುವ ಈ ಪದವು ಹುಟ್ಟಿನಿಂದ ಯಾವ ಕಳಂಕವನ್ನೂ ಹೊತ್ತುದಲ್ಲ. ‘ಕಲೆ’, ‘ಕಲಸು’ ಎಂಬ ಕ್ರಿಯಾಪದಗಳಲ್ಲಿ ತೋರುವ ಮೊದಲ ಭಾಗಕ್ಕೂ, ‘ಬೆರೆ’ ಧಾತುವಿನಿಂದ ನಿಷ್ಪನ್ನವಾದ ‘ಬೆರಕೆ’ಗೂ ಅರ್ಥವೊಂದೇ, ಮಿಶ್ರಣ. ಬಸ್ಸಾರಿಗೆಂದು ಕೊಳ್ಳುವ ಬೆರಕೆಸೊಪ್ಪಿನಲ್ಲಿ ಯಾರೂ ಮೋಸವನ್ನು ಶಂಕಿಸರಷ್ಟೆ! ಎರಡು ಸಮಾನಾರ್ಥಕಗಳು ಜೊತೆಗೂಡಿದೊಡನೆ ನಿಂದೆಯ ಧ್ವನಿ ಬಂದೊದಗಿತು. ‘ಕಲಬೆರಕೆ ಭಾಷೆ’ ಎಂಬಲ್ಲಿಯೂ ಅದೇ ತಿರಸ್ಕಾರ.

ತಮಿಳಿನ ‘ಕಲಪ್ಪಡಂ’ ಇದರ ಜ್ಞಾತಿ. ತೆಲುಗರು ‘ಕಲ್ತೀ’ ಎನ್ನುವರು. ಹಿಂದಿಯ ‘ಮಿಲಾವಟ್’ ಕುಲದಿಂದ ಬೇರೆಯಾದರೂ ಕೂಡಿಸುವುದೆಂಬ ಅರ್ಥದಿಂದಲೇ ಹೊರಟು ಇದೇ ಅಪಕೀರ್ತಿಗೆ ಬಂದು ಸೇರಿದೆ.

ಪಾಪವೇನೂ ಹೊಸದಲ್ಲ. ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಗಳಲ್ಲಿ ಸಮಾನ ವರ್ಣದ ಹೀನವಸ್ತುವನ್ನು ಸೇರಿಸಿದವನಿಗೆ ಕೌಟಿಲ್ಯನ ಅರ್ಥಶಾಸ್ತ್ರವು 12 ಪಣಗಳ ದಂಡವನ್ನು ವಿಧಿಸುತ್ತದೆ. ಬಣ್ಣದ ಸಾಮ್ಯವೇ ಈ ವಂಚನೆಯ ಜೀವಾಳವೆಂಬುದನ್ನು ಆತನು ಬಲ್ಲವನಾಗಿದ್ದನು. ಸ್ವತಂತ್ರ ಭಾರತದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯು ಈ ಪದಕ್ಕೆ ನ್ಯಾಯಾಲಯದ ಬಾಗಿಲನ್ನು ತೆರೆದರೂ, 1998ರಲ್ಲಿ ದಿಲ್ಲಿಯ ಜನ ಸಾಸಿವೆಯೆಣ್ಣೆಯಲ್ಲಿ ಬೆರೆತ ಅರ್ಜಿಮೋನ್ ಬೀಜದೆಣ್ಣೆಯಿಂದ ಮೈ ಬಾತು, ಹಲವರು ಅಸುನೀಗಿದರು.

ಹಳಸಿದ ಅನ್ನವನ್ನೂ ತೂಕದ ಮೋಸವನ್ನೂ ಪತ್ರಿಕೆಗಳು ಈಚೆಗೆ ಕಲಬೆರಕೆಯೆನ್ನುತ್ತಿರುವುದು ಸಾಧುವಲ್ಲ; ಬೆರೆಸಿದುದೇನೂ ಇಲ್ಲದಲ್ಲಿ ಅಪರಾಧವಿರಬಹುದು, ಕಲಬೆರಕೆಯಿಲ್ಲ.